ಹೂಂ ಅನ್ನುವವಳ ಕಾದಂಬರಿ

ಹೊನ್ನಾಳಿಯ ಪ್ರೆಸ್ಸಿನ ಯಜಮಾನರು ನನ್ನ ಕಾದಂಬರಿಯ ಕಟ್ಟನ್ನು ಮೇಜಿನ ಮೇಲೆ ನನ್ನತ್ತ ಸರಿಸಿದರು. ನಾನು ದಾರಕ್ಕೆ ಹಾಕಿದ್ದ ಗಂಟೇ ಬೇರೆ, ಈಗಿದ್ದ ಗಂಟೇ ಬೇರೆ. ಅಂದರೆ ಓದಿದ್ದಾರೆ.

"ಇದು ಕಾದಂಬರಿ ಅಲ್ಲ ತಾಯಿ, ವಕಾಲತ್ತು," ಎಂದರು.

"ವಾದ ಇದ್ರೆ ತಪ್ಪೇನ್ರಿ ಸಾರ್?"

"ವಾದ ಇರ್ಲಿ. ಮೊದಲನೇ ಅಧ್ಯಾಯದಾಗೇ ತೀರ್ಪು ಕೊಟ್ಟು ಕುಂತೀಯಲ್ಲ, ಉಳಿದಿದ್ದನ್ನ ನಾನ್ಯಾಕೆ ಓದ್ಬೇಕು? ಕೋರ್ಟಿನಾಗೆ ಫ್ಯಾನಿನ ಗಾಳಿ ತಗೊಳಾಕಾ?"

"ಎರಡೂ ಕಡೆಯವರ ಮಾತನ್ನ ಬರೆದಿದ್ದೀನಲ್ರಿ."

"ಬರ್ದೀಯ. ಒಬ್ರ ಬಾಯಿಗೆ ಬಟ್ಟೆ ತುರುಕಿ ಬರ್ದೀಯ."

ನನಗೆ ಸಿಟ್ಟು ಬಂತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿ ಚನ್ನಗಿರಿಯ ಮನೆಗೆ ವಾಪಸಾಗಿದ್ದೆ. ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಶೀಲ್ಡುಗಳ ಹಿಂದೆ ಅಮ್ಮ ಹಪ್ಪಳದ ಡಬ್ಬಿ ಬಚ್ಚಿಡುತ್ತಿದ್ದಳು. ಎದುರಿನವರು ಮಾತಾಡುವಾಗ ನಾನು ಹುಡುಕುತ್ತಿದ್ದುದು ಒಂದೇ: ತೂತು ಎಲ್ಲಿದೆ? ತ್ಯಾವಣಿಗೆ ಬಸ್ಸಿನಲ್ಲಿ ಯಾರಾದರೂ ಸೂಳೆಕೆರೆ ಏರಿಯ ಮೇಲೆ ಏನೋ ಕಂಡೆ ಅಂದರೆ ಸಾಕು, ಎಷ್ಟು ದೂರದಿಂದ ಕಂಡಿರಿ, ಬೆಳಕು ಎಷ್ಟಿತ್ತು, ಕುಡಿದಿದ್ದಿರಾ ಎಂದು ಪಾಟೀಸವಾಲು ಶುರು ಮಾಡುತ್ತಿದ್ದೆ.

ಕಾದಂಬರಿಯೂ ಅಂಥದೇ. ಅದರ ಮೂಲ ಜಗಳೂರಿನ ಚಿಗವ್ವ, ನನ್ನ ಅಮ್ಮನ ತಂಗಿ. ಅವಳ ಅತ್ತೆ ಕತೆ ಹೇಳುವುದರಲ್ಲಿ ಗಟ್ಟಿಗಿತ್ತಿ. ಬೇಸಿಗೆಯ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಸೊಸೆ ಇಬ್ಬರೂ ನಡುಮನೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯಲು ಕೂರುವರು. ಅತ್ತೆ ಹೇಳಬೇಕು, ಸೊಸೆ ಹೂಂಗುಟ್ಟಬೇಕು. ನಮ್ಮ ಕಡೆ ಹೂಂ ಅನ್ನುವವರಿಲ್ಲದೆ ಯಾರೂ ಕತೆ ಹೇಳುವುದಿಲ್ಲ. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲುತ್ತದೆ. ಒಂದು ಬೇಸಿಗೆಯಲ್ಲಿ, ಕತೆ ಅರ್ಧಕ್ಕೆ ಬಂದಿದ್ದಾಗ, ಅತ್ತೆ ತೀರಿಕೊಂಡಳು. ಮರುವರ್ಷ ಶೇಂಗಾ ಸುಲಿಯಲು ಒಬ್ಬಳೇ ಕೂತ ಚಿಗವ್ವ ಹೂಂ ಅನ್ನತೊಡಗಿದಳು.

ಬೇರೆ ಹೊತ್ತಿನಲ್ಲಿ ಅವಳು ಎಲ್ಲರ ಹಾಗೇ ಇದ್ದಳು. ರೊಟ್ಟಿ ಬಡಿಯುವಳು, ಚಿಕ್ಕಪ್ಪನನ್ನು ಬೈಯುವಳು, ಪಕ್ಕದ ಮನೆಯವರ ಮೇಲೆ ನಗೆಚಾಟಿಕೆ ಮಾಡುವಳು. ಮೊರ ಮುಂದೆ ಬಂತೆಂದರೆ ಖಾಲಿ ಗೋಡೆಯ ಕಡೆ ಮುಖ ಮಾಡಿ, ಹೂಂ. ಊರವರು ಗಾಳಿ ಅಂದರು. ನಾನು ರೂಢಿ ಮತ್ತು ದುಃಖ ಅಂದೆ. ನನ್ನ ಕಾದಂಬರಿಯಲ್ಲಿ ಒಬ್ಬ ಮೇಷ್ಟ್ರು ಬಂದು ಅದನ್ನೇ ವಿವರಿಸುತ್ತಾನೆ, ಸೊಸೆ ವಾಸಿಯಾಗಿ ಅವನಿಗೆ ಕೈ ಮುಗಿಯುತ್ತಾಳೆ. ಇದಿಷ್ಟೂ ಮೊದಲ ಅಧ್ಯಾಯದಲ್ಲಿ.

ಯಜಮಾನರ ಪ್ರೆಸ್ಸು ಬದುಕುತ್ತಿದ್ದುದು ಲಗ್ನಪತ್ರಿಕೆಯಿಂದ. ಪ್ರೀತಿಗೆಂದು ವರ್ಷಕ್ಕೆ ಒಂದೇ ಪುಸ್ತಕ ಅಚ್ಚು ಹಾಕುತ್ತಿದ್ದರು. ಆ ವರ್ಷದ ಕಾಗದ ಆಗಲೇ ಅಟ್ಟದ ಮೇಲಿತ್ತು. "ಇದು ನಿಂದೇ ಅಂತ ಇಟ್ಟೀನಿ," ಎಂದರು. "ಕತಿ ಕಟ್ಟು ಸರಿ ಮಾಡ್ಕೊಂಡು ಬಾ. ಮಳೆ ಹಿಡಿಯೋದ್ರೊಳಗೆ ಬರ್ಲಿಲ್ಲ ಅಂದ್ರೆ ಒಬ್ರು ಮೇಷ್ಟ್ರ ಕವನ ಕಾಯ್ತಾ ಐತೆ. ಮೊದ್ಲು ನ್ಯಾಮತಿಗೆ ಹೋಗಿ ನಮ್ಮವ್ವನಿಗೆ ಓದಿ ಹೇಳು."

"ಕಾದಂಬರಿ ಪರೀಕ್ಷೆ ಮಾಡಾಕೆ ನಿಮ್ಮ ತಾಯಿನಾ?"

"ನಮ್ಮವ್ವ ಅಲ್ಲ, ಆಕಿ ಹೂಂ. ಆಕಿ ಹೂಂ ಎಲ್ಲಿ ಸಡ್ಲ ಆಗ್ತೈತೋ ಅಲ್ಲಿ ಪೆನ್ಸಿಲ್ ಗೆರೆ ಹಾಕ್ಕೊ. ನನ್ನ ಎಲ್ಲ ಪುಸ್ತಕನೂ ಹಂಗೇ ಆಗಿರೋದು."

ಅವರ ತಾಯಿ ನ್ಯಾಮತಿಯಲ್ಲಿ ಹಿರಿಮಗನ ಮನೆಯಲ್ಲಿದ್ದರು. ಕಣ್ಣಿಗೆ ಪೊರೆ ಬಂದ ಮುದುಕಿ, ಪಡಸಾಲೆಯ ಮಂಚದ ಮೇಲೆ ಮೊಮ್ಮಕ್ಕಳ ಗದ್ದಲದ ನಡುವೆ ಮಲಗಿದ್ದರು. ಓದತೊಡಗಿದೆ. ಅತ್ತೆ, ಸೊಸೆ, ಶೇಂಗಾ ಇರುವ ತನಕ ಹೂಂ ಚುರುಕಾಗಿತ್ತು. ಮೇಷ್ಟ್ರು ಬಾಯಿ ತೆರೆದದ್ದೇ ಸಡಿಲವಾಯಿತು. ಅವನ ದೊಡ್ಡ ಭಾಷಣದ ನಡುವೆ, ನನಗೆ ತುಂಬಾ ಹೆಮ್ಮೆಯ ಪುಟ ಅದು, ನಿಂತೇಹೋಯಿತು. ನಿದ್ದೆ ಬಂತೇನೋ ಎಂದು ತಲೆ ಎತ್ತಿದೆ. ಅಜ್ಜಿ ಕಣ್ಣು ಬಿಟ್ಟುಕೊಂಡೇ ಇದ್ದರು.

"ಆಕಿಗೆ ಕತಿ ಹೇಳ್ತಿರೋರು ಯಾರವ್ವ?"

"ಯಾರೂ ಇಲ್ಲಜ್ಜಿ. ಅದನ್ನೇ ಮೇಷ್ಟ್ರು ಹೇಳ್ತಿರೋದು."

"ಯಾರೂ ಇಲ್ಲ ಅಂತ ಅವನಿಗೆ ಗೊತ್ತೈತೆ, ನಿನಗೆ ಗೊತ್ತೈತೆ. ಆಕಿನ್ನ ಯಾರಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಎದುರಿನವರ ಮಾತು ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಟ್ಟರೆ ಚರ್ಚಾಸ್ಪರ್ಧೆಯಲ್ಲಿ ಅಂಕ ಕಡಿಮೆ ಮಾಡುತ್ತಾರೆ. ನಾನು ಪೆನ್ಸಿಲ್ ತೆಗೆದು ಪುಟದ ಉದ್ದಕ್ಕೂ ಗೆರೆ ಎಳೆದೆ.

ಜಗಳೂರಿಗೆ ಹೋದಾಗ ಬಿಸಿಲು ಹೊಸಿಲು ದಾಟಿ ಒಳಗೆ ಬರುತ್ತಿತ್ತು. ಚಿಕ್ಕಪ್ಪ ಊಟ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಹೋಟೆಲಿನ ಕಡೆ ಹೊರಟರು. "ನಾನು ಈ ಹೊತ್ತಿನಾಗೆ ಮನೆಯಾಗೆ ಇರಲ್ಲವ್ವ," ಎಂದರು. "ನಮ್ಮವ್ವ ಬದುಕಿದ್ದಾಗ್ಲೂ ನನಗೆ ಒಂದು ಕತಿ ಹೇಳ್ಲಿಲ್ಲ. ಈಗ್ಲೂ ಆಕಿಗೇ ಹೇಳ್ತಾಳೆ."

ಚಿಗವ್ವ ಮೊರ ಎಳೆದುಕೊಂಡಳು. ನಾನು ಪಕ್ಕಕ್ಕೆ ಕೂತು ಹಳೆಯ ಪೇಪರಿನ ಅಂಚಿನಲ್ಲಿ ಅವಳ ಹೂಂಗಳನ್ನು ಗುರುತು ಹಾಕಿಕೊಳ್ಳತೊಡಗಿದೆ. ಪದ್ಯಕ್ಕೆ ಪ್ರಸ್ತಾರ ಹಾಕುವ ಹಾಗೆ: ಗಿಡ್ಡ ಹೂಂಗೆ ಲಘು, ಎಳೆದ ಹೂಂಗೆ ಗುರು, ಸುಮ್ಮನಿದ್ದರೆ ಖಾಲಿ ಜಾಗ. ಮೊದಲ ಅನುಮಾನ ಉಸಿರಾಟದ ಮೇಲಿತ್ತು. ಉಸಿರಿಗೂ ಹೂಂಗೂ ತಾಳೆಯಾಗಲಿಲ್ಲ. ಶೇಂಗಾ ಸಿಪ್ಪೆ ಒಡೆಯುವ ಸದ್ದಿಗೂ ಆಗಲಿಲ್ಲ. ನಾನೇ ಜೋರಾಗಿ ಒಂದು ಕತೆ ಶುರು ಮಾಡಿದೆ. ಅವಳ ಹೂಂ ನನ್ನ ಮಾತಿನ ನಡುವೆ ಬೀಳುತ್ತಿತ್ತು, ಗದ್ದಲದಲ್ಲಿ ಬೇರೆ ಯಾರದೋ ಮಾತಿಗೆ ಕಿವಿಗೊಟ್ಟವರ ಹಾಗೆ. ನಾನು ತಟ್ಟನೆ ನಿಲ್ಲಿಸಿದೆ. ಹೂಂ ನಿಲ್ಲಲಿಲ್ಲ.

"ಚಿಗವ್ವ, ಹೇಳ್ತಿರೋದು ಯಾರೇ?"

ಅವಳು ಅಂಗೈ ಎತ್ತಿ ತಡೆದಳು. "ಸುಮ್ನಿರೇ. ನಿನ್ನ ವಿಷ್ಯ ಬಂದೈತೆ."

ಹೂಂ. ಹೂಂ. ಮತ್ತೆ ನನ್ನನ್ನೇ ನೋಡುತ್ತಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಏನಂತೆ?"

"ಈಗ ಹೇಳಬಾರ್ದು. ಮುಂದೆ ಬರ್ತೈತೆ."

ಗೋಡೆಯಲ್ಲಿ ಸುಣ್ಣ ಮತ್ತು ಒಂದು ಮೊಳೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ನಾನು ಚಾಚಿದ್ದ ಕಾಲು ಮಡಚಿಕೊಂಡು, ಸೆರಗು ಸರಿ ಮಾಡಿಕೊಂಡು ಕೂತೆ.

ಆಮೇಲೆ ಪ್ರತಿ ಮಧ್ಯಾಹ್ನವೂ ಗುರುತು ಹಾಕಿದೆ. ಒಂದು ದಿನದ್ದು ಇನ್ನೊಂದು ದಿನದ ಹಾಗಿರಲಿಲ್ಲ. ರೂಢಿಯ ಬಾಯಿಮಾತಾಗಿದ್ದರೆ ಒಂದೇ ಥರ ಇರಬೇಕಿತ್ತು. ಇಲ್ಲಿ ಏನೋ ನಡೆಯುತ್ತಿತ್ತು, ಕೂಡಿಕೊಳ್ಳುತ್ತಿತ್ತು. ಲಘುಗಳ ಸಾಲು ಸಾಲು ಓಡಿ ಒಂದು ಗುರುವಿಗೆ ಬಂದು ನಿಲ್ಲುವುದು. ಒಮ್ಮೆ ಬಹಳ ಹೊತ್ತು ಏನೂ ಇಲ್ಲ. ಅವಳ ಕೈ ಮೊರದ ಮೇಲೆ ಹಾಗೇ ನಿಂತಿತು, ಕಣ್ಣು ಅಗಲವಾಯಿತು. ಆಮೇಲೆ ಸಣ್ಣಗೆ, "ಅಯ್ಯೋ". ಬೀದಿಯಲ್ಲಿ ಯಾರದೋ ಎತ್ತಿನ ಗಾಡಿ ಹಾದುಹೋಯಿತು. ಮತ್ತೆ ಹೂಂ.

ಚನ್ನಗಿರಿಗೆ ಬಂದು ಪೇಪರಿನ ಅಂಚುಗಳನ್ನು ಕತ್ತರಿಸಿ ಸಾಲಾಗಿ ಹರಡಿದೆ. ಕೇಳುವವಳ ಅರ್ಧ ನನ್ನ ಮುಂದಿತ್ತು. ಹೇಳುವವಳ ಅರ್ಧವನ್ನು ನಾನು ಬರೆಯಬೇಕಿತ್ತು. ಲಘುಗಳಿದ್ದ ಕಡೆ ದಿನನಿತ್ಯದ ಸಂಗತಿ ಇಟ್ಟೆ: ನೀರು, ಒಲೆ, ಗಂಡನ ಕೊಂಕು. ಮೊದಲ ಗುರುವಿಗೆ ಅತ್ತೆಯ ಕೆಮ್ಮು. ಆ ದೀರ್ಘ ಮೌನದ ಜಾಗಕ್ಕೆ ಅತ್ತೆಯ ಸಾವು. ಅಲ್ಲಿಯವರೆಗೆ ಅವಳನ್ನು ಬದುಕಿಸಿ ಇಡಬೇಕಾಯಿತು. ಮೇಷ್ಟ್ರು ಅರ್ಧ ಪುಸ್ತಕ ಕಳೆಯುವ ತನಕ ಬರುವಂತೆಯೇ ಇರಲಿಲ್ಲ, ಬಂದ ಮೇಲೂ ಅವನಿಗೆ ಭಾಷಣಕ್ಕೆ ಜಾಗವಿಲ್ಲ. ಅವನಿಗೆ ಏನೂ ಗೊತ್ತಿಲ್ಲದಂತೆ ಬರೆದೆ. ಆಗ ಅವನ ಮೇಲೆ ನನಗೇ ಕುತೂಹಲ ಹುಟ್ಟಿತು. ಚಿಗವ್ವ ನಕ್ಕ ಜಾಗಕ್ಕೆ ಮಾತ್ರ ಏನು ಇಟ್ಟರೂ ಸರಿಹೋಗಲಿಲ್ಲ. ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋದೆ.

ಎರಡನೇ ಸಲ ನ್ಯಾಮತಿಗೆ ಯಜಮಾನರೂ ಬಂದರು. ಓದುತ್ತಾ ಓದುತ್ತಾ ಒಂದು ಕಣ್ಣು ಕತ್ತರಿಸಿದ ಅಂಚುಗಳ ಮೇಲಿಟ್ಟಿದ್ದೆ. ಲಘು, ಲಘು, ಲಘು, ಗುರು. ಅಜ್ಜಿಯ ಹೂಂ ಚಿಗವ್ವನ ಗುರುತುಗಳ ಮೇಲೇ ನಡೆಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಆ ಚೂರುಗಳನ್ನು ಬೋರಲು ಹಾಕಿದೆ. ವಿವರಣೆ ಇತ್ತು: ಗುರುತು ನೋಡಿ ಬರೆದದ್ದು, ಕೇಳಿದವರು ಅದೇ ಜಾಗದಲ್ಲಿ ಹೂಂ ಅನ್ನುವುದರಲ್ಲಿ ವಿಶೇಷವೇನು? ಕತೆಯ ಕಟ್ಟು ಸರಿಯಾಗಿದೆ ಎಂದಷ್ಟೇ ಅರ್ಥ.

ಖಾಲಿ ಬಿಟ್ಟ ಅರ್ಧ ಪುಟ ಬಂತು. ಬಾಯಿ ಮುಚ್ಚಿ ಹಾಳೆ ತಿರುವಿದೆ. ಅಜ್ಜಿ ನಕ್ಕರು.

"ಯಾಕಜ್ಜಿ ನಕ್ಕಿದ್ದು?"

"ನೀನೇ ಓದಿದ್ಯಲ್ಲವ್ವ."

"ನಾನೇನೂ ಓದ್ಲಿಲ್ಲ. ಹಾಳೆ ತಿರುವ್ತಿದ್ದೆ."

"ಏ, ಸಾಕು ಬಿಡು, ಮುದುಕಿನ್ನ ಆಟ ಆಡಿಸ್ತೀಯಾ?" ಅಜ್ಜಿ ಇನ್ನೂ ನಗುತ್ತಿದ್ದರು. "ಚಾಚಿದ ಕಾಲು ಮಡಚ್ಕೊಂಡು ಹಿಂಗೆ ಸೆರಗು ಎಳ್ಕೊಂತಾಳಲ್ಲ ಆ ಹುಡುಗಿ, ಬಲು ಚೆಂದ ಬರ್ದೀಯ. ಮುಂದೆ ಓದು."

ಯಜಮಾನರು ನನ್ನ ಮುಖ ನೋಡಿದರು. ಖಾಲಿ ಪುಟವನ್ನು ಅವರಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿದರು. ವಯಸ್ಸಾದವರು ಏನೇನೋ ಅನ್ನುತ್ತಾರೆ, ಹೆಣ್ಣುಮಕ್ಕಳು ಸೆರಗು ಎಳೆದುಕೊಳ್ಳದ ಮನೆ ಯಾವುದಿದೆ ಎಂದೆ. ನನ್ನ ದನಿ ವೇದಿಕೆಯ ಮೇಲಿನ ದನಿಯಾಗಿತ್ತು.

ಬಸ್‌ಸ್ಟ್ಯಾಂಡಿಗೆ ಬರುವಾಗ ಅವರು ಕೆಲಸದ ಮಾತಿಗೆ ಬಂದರು. "ಈಗಿದು ಕತಿ. ಆದ್ರೆ ಕೊನಿ ಎಲ್ಲೈತೆ?"

ಇರಲಿಲ್ಲ. ನಾನು ಜಗಳೂರು ಬಿಟ್ಟ ದಿನಕ್ಕೆ ಗುರುತುಗಳು ನಿಂತಿದ್ದವು.

"ಮೇಷ್ಟ್ರು ಹೊರಟು ಹೋಗ್ತಾನೆ ಅಂತ ಬರೆದ್ರೆ?"

"ಹೋದ್ರೆ ಹೋಗ್ಲಿ. ಅದು ಅವನ ಬಸ್ಸಾತು, ಕತಿ ಕೊನಿ ಅಲ್ಲ. ಆಕಿಗೆ ಏನಾತು ಅಂತ ಗೊತ್ತಾಗದೆ ನಾನು ಒಂದು ಅಚ್ಚಿನ ಮೊಳೆನೂ ಜೋಡ್ಸಲ್ಲ. ಮೋಡ ನೋಡು."

ಪಡುವಣದಲ್ಲಿ ಮೋಡ ಕಟ್ಟಿತ್ತು. ಕವನದ ಮೇಷ್ಟ್ರು ಆ ವಾರವೇ ಪ್ರೆಸ್ಸಿಗೆ ಬಂದು ಹೋಗಿದ್ದರಂತೆ.

ನಾನು ಜಗಳೂರು ಮುಟ್ಟುವಷ್ಟರಲ್ಲಿ ಮೊದಲ ಮಳೆ ಬಿದ್ದು ಬಿತ್ತನೆ ಮುಗಿದಿತ್ತು. ಮೊರ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಚಿಗವ್ವ ಅಂಗಳ ಬಳಿಯುತ್ತಿದ್ದಳು.

"ಮುಗೀತು ಕಣೇ," ಎಂದಳು, ಪರೀಕ್ಷೆ ಬರೆದು ಬಂದವಳ ಹಾಗೆ. "ಕೊನೇ ಬೊಗಸೆ ಸುಲಿಯೋ ಹೊತ್ತಿಗೆ ಮುಗೀತು."

"ಏನಾಯ್ತು ಕೊನೆಗೆ?"

"ಹೇಳ್ತೀನಿ. ಹೂಂ ಅನ್ನು. ನೀನು ಹೂಂ ಅನ್ನದಿದ್ರೆ ನಾನು ಹೇಳಾಕಿಲ್ಲ. ಅಡ್ಡಬಾಯಿ ಹಾಕಂಗಿಲ್ಲ."

ಕೈ ತೊಳೆದುಕೊಂಡು ಬಂದು ನಡುಮನೆಯಲ್ಲಿ, ನನ್ನೆದುರು ಕೂತಳು. ಈ ಸಲ ಗೋಡೆಗೆ ಬೆನ್ನು ಕೊಟ್ಟವಳು ನಾನು. ಹೇಳತೊಡಗಿದಳು. ದಾರಿ ತಪ್ಪಿದ ಒಬ್ಬ ಸೊಸೆಯ ಕತೆ. ಊರೂರು ಅಲೆಯುತ್ತಾಳೆ, ಎಲ್ಲ ಬಾಗಿಲೂ ಒಂದೇ ಥರ ಕಾಣುತ್ತವೆ. ಒಂದೊಂದು ಮಾತಿಗೂ ಚಿಗವ್ವ ನಿಂತು ಕಾಯುವಳು. ನಾನು ಹೂಂ ಅಂದ ಮೇಲೆಯೇ ಮುಂದಿನ ಮಾತು. ಒಮ್ಮೆ ನಾನು ಸೊಳ್ಳೆ ಹೊಡೆಯುವಷ್ಟು ಹೊತ್ತು ತಡ ಮಾಡಿದ್ದಕ್ಕೆ ಹುಬ್ಬು ಏರಿಸಿ ಕಾದಳು.

"ಕೊನೀಗೆ ಒಂದು ಬಾಗ್ಲು ತಟ್ತಾಳೆ. ಒಳಗಿಂದ ಬಾಗ್ಲು ತೆಗೆದವಳೂ ಆಕಿನೇ."

ಅದು ಹೇಗೆ ಸಾಧ್ಯ? ಹೊರಗೆ ನಿಂತವಳು ಒಳಗಿನಿಂದ ಹೇಗೆ ತೆಗೆಯುತ್ತಾಳೆ? ಆಕ್ಷೇಪ ನಾಲಿಗೆಯ ತುದಿಗೆ ಬಂದಿತ್ತು. ಅಡ್ಡಬಾಯಿ ಹಾಕುವಂತಿಲ್ಲ. ಹೂಂ ಅನ್ನಲೂ ಮನಸ್ಸು ಬರಲಿಲ್ಲ. ತುಟಿ ಬಿಗಿಹಿಡಿದು ಕೂತೆ.

ಚಿಗವ್ವ ಕಾದಳು. ನನ್ನ ಹೆಗಲ ಆಚೆಗೆ ನೋಡುತ್ತಿದ್ದಳು. ಒಂದು ಹೂಂಗೆ ಬೇಕಾದಷ್ಟು ಹೊತ್ತು ಕಳೆಯಿತು. ಆಮೇಲೆ ತಲೆಯಾಡಿಸಿ ಕತೆ ಮುಂದುವರಿಸಿದಳು.

ನನ್ನ ಬೆನ್ನ ಹಿಂದೆ ಇದ್ದದ್ದು ಗೋಡೆ, ಮೊಳೆ, ಮೊರ. ತಿರುಗಿ ನೋಡಿದ್ದರೆ ವಾದಕ್ಕೆ ಒಂದು ಸಾಕ್ಷಿ ಸಿಗುತ್ತಿತ್ತು, ಈ ಕಡೆಗೋ ಆ ಕಡೆಗೋ. ನಾನು ತಿರುಗಲಿಲ್ಲ. ಮುಂದಿನ ಮಾತಿಗೆ, ಅದು ಮುಗಿಯುವ ಮೊದಲೇ, ಹೂಂ ಅಂದೆ.

"ಒಳಗಿದ್ದಾಕಿ ಹೊರಗಿದ್ದಾಕಿಗೆ ಕಾಲಿಗೆ ನೀರು ಕೊಟ್ಲು. ಇಬ್ರೂ ಕುಂತ್ರು. ಅಷ್ಟೇ."

ಅದನ್ನು ಅವಳು ಹೇಳಿದ ಹಾಗೇ ಬರೆದು ಹೊನ್ನಾಳಿಗೆ ಒಯ್ದೆ. ಕೊನೆಯ ಅಧ್ಯಾಯದಲ್ಲಿ ಸೊಸೆ ಹೇಳುತ್ತಾಳೆ, ಮೇಷ್ಟ್ರು ಮಾತುಮಾತಿಗೂ ಹೂಂ ಅನ್ನುತ್ತಾ ಕೂತು ಕೇಳುತ್ತಾನೆ, ಬೇರೇನೂ ಇಲ್ಲ. ಯಜಮಾನರು ನಿಂತೇ ಓದಿದರು, ಏಣಿ ಹಾಕಿ ಅಟ್ಟದಿಂದ ಕಾಗದ ಇಳಿಸಿದರು. ಕವನಗಳು ಮರುವರ್ಷಕ್ಕೆ ಹೋದವು.

ಕರಡು ಬಂದ ದಿನ ಮಳೆ ಹೊಡೆಯುತ್ತಿತ್ತು. ಬಾಗಿಲು ತೆಗೆಯುವ ಸಾಲಿನ ಕೆಳಗೆ ಬೆರಳಿಟ್ಟು, ಇಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಬಿಡಿ ಎಂದೆ.

"ಯಾಕೆ? ಅಲ್ಲಿ ಮೇಷ್ಟ್ರು ಹೂಂ ಅನ್ನಲ್ವಾ?"

"ಅವನು ಅನ್ನಲ್ಲ."

"ಮತ್ತೆ ಆಕಿ ಹೆಂಗೆ ಮುಂದುವರಿಸ್ತಾಳೆ?"

ನಾನು ಆ ಸಾಲಿನ ಮೇಲಿನ ಬೆರಳು ತೆಗೆಯಲಿಲ್ಲ. ಅವರು ಅಚ್ಚಿನ ಮೊಳೆ ಜೋಡಿಸಿ ಕಟ್ಟಿದ್ದ ಪುಟದ ದಾರ ಬಿಚ್ಚಿ, ಆ ಎರಡು ಸಾಲುಗಳ ನಡುವೆ ಬೆರಳಿನಿಂದ ಸಂದು ಮಾಡಿ, ಅಕ್ಷರವಿಲ್ಲದ ಒಂದು ಸೀಸದ ಪಟ್ಟಿಯನ್ನು ಮೆಲ್ಲಗೆ ಸೇರಿಸಿದರು.