ಕಚ್ಚಾ ಹೊಲಿಗೆಯ ಹಸಿರು ತುಂಡು

ಆಕೆಯ ಬಲಗೈ ನಡುಬೆರಳಿನ ತುದಿಯಲ್ಲಿ ಒಂದು ಗುಳಿ ಇತ್ತು. ಎಳ್ಳುಕಾಳು ಇಟ್ಟರೆ ಉರುಳದೆ ಕೂರುವಷ್ಟು ಗುಳಿ. ದಪ್ಪ ಬಟ್ಟೆಯೊಳಕ್ಕೆ ಸೂಜಿಯನ್ನು ಹಿಂದಿನಿಂದ ಒತ್ತಿ ಒತ್ತಿ ಬಿದ್ದದ್ದು. ನಾನು ದರ್ಜಿ, ಬೆರಳಿಗೆ ಹಾಕುವ ಹಿತ್ತಾಳೆ ಟೊಪ್ಪಿಗೆಗಳು ನನ್ನ ಬಳಿ ನಾಲ್ಕಿದ್ದವು. ಒಂದನ್ನು ಕೊಟ್ಟೆ. ಮೂರು ದಿನ ಹಾಕಿಕೊಂಡು ನೋಡಿ ವಾಪಸ್ ತಂದಿಟ್ಟಳು. "ಇದನ್ನ ಹಾಕ್ಕೊಂಡ್ರೆ ಸೂಜಿ ಎಲ್ಲಿಗೆ ಹೋತು ಅಂತ ಬೆರಳಿಗೆ ಗೊತ್ತಾಗಲ್ಲ ಕಣಪ್ಪ" ಅಂದಳು.

ಹೊನ್ನಾಳಿಯಲ್ಲಿ ಎಲ್ಲರೂ ಆಕೆಯನ್ನು ಕೌದಿ ಅಕ್ಕ ಎನ್ನುತ್ತಿದ್ದರು. ತವರು ಜಗಳೂರು ಕಡೆಯ ಬಿಳಿಚೋಡು. ಕುರಿ ಸಾಕುವ ಮನೆ. ಅಲ್ಲಿಯ ಚಳಿಗೆ ಹಳೇ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುವುದನ್ನು ತಾಯಿಯಿಂದ ಕಲಿತು ಬಂದಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಅಂಗಡಿ, ಅದರ ಜಗಲಿಯ ಮೇಲೆ ಆಕೆ. ನನ್ನ ಕತ್ತರಿಯಿಂದ ಬಿದ್ದ ತುಂಡುಗಳೆಲ್ಲ ಆಕೆಗೆ. ಅದಕ್ಕೆ ಬದಲಾಗಿ ನನ್ನ ಶರ್ಟುಗಳ ಗುಂಡಿತೂತಿನ ಕಾಜ, ಗುಂಡಿ, ಅಂಚಿನ ಕೆಲಸ ಆಕೆಯದು. ಹೀಗೆ ಇಪ್ಪತ್ತು ವರ್ಷ ನಡೆಯಿತು. ಆ ಕೈ ಇಲ್ಲದೆ ನನ್ನ ಅಂಗಡಿ ನಡೆಯುವುದಿಲ್ಲ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಆಕೆಗಂತೂ ಹೇಳಲೇ ಇಲ್ಲ.

ಅಮಾವಾಸ್ಯೆಯ ದಿನ ಅಕ್ಕ ಯಾರ ಕೆಲಸಕ್ಕೂ ಸೂಜಿ ಹಿಡಿಯುತ್ತಿರಲಿಲ್ಲ. ಅವತ್ತು ಮನೆಯಿಂದ ಒಂದು ಹಳೇ ಬಿಳಿ ಪಂಚೆ ತರುತ್ತಿದ್ದಳು. ಅದರ ತುಂಬ ಬಣ್ಣಬಣ್ಣದ ತುಂಡುಗಳು. ಒಂದೊಂದು ತುಂಡು ಆಕೆ ಮಾಡಬೇಕೆಂದುಕೊಂಡ ಒಂದೊಂದು ಕೆಲಸ. ನಾವು ದರ್ಜಿಗಳು ಪಕ್ಕಾ ಹೊಲಿಗೆಗೆ ಮುಂಚೆ ಉದ್ದುದ್ದ ಟಾಕಿ ಹಾಕಿ ಬಟ್ಟೆಯನ್ನು ನಿಲ್ಲಿಸಿಕೊಳ್ಳುತ್ತೇವೆ. ಒಂದು ಸಲ ಎಳೆದರೆ ದಾರ ಪೂರ್ತಿ ಕೈಗೆ ಬರುತ್ತದೆ. ಅದು ಕಚ್ಚಾ ಹೊಲಿಗೆ. ಮುಂದಿನ ಅಮಾವಾಸ್ಯೆಯೊಳಗೆ ಆಗಬೇಕಾದ ಕೆಲಸದ ತುಂಡನ್ನು ಅಕ್ಕ ಪಂಚೆಗೆ ಕಚ್ಚಾ ಹಾಕಿಡುತ್ತಿದ್ದಳು. ಕೆಲಸ ಆದರೆ ಸುತ್ತ ಪಕ್ಕಾ ಹೊಲಿಗೆ. ಆಗದಿದ್ದರೆ ದಾರ ಎಳೆದು, ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಯಾಕೆ ಆಗಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳುವಳು. ಉತ್ತರ ಸಿಕ್ಕ ಮೇಲೆ ಮತ್ತೆ ಕಚ್ಚಾ ಹಾಕುವಳು, ಇಲ್ಲವೇ ಎಸೆಯುವಳು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅಕ್ಷರ ಬಾರದ ಹೆಂಗಸಿನ ಈ ಏರ್ಪಾಟು ನನಗೆ ತಮಾಷೆಯಾಗಿತ್ತು. ಏನಕ್ಕಾ ಕಂಪನಿ ಮೀಟಿಂಗಾ ಎಂದು ಕೇಳಿದ್ದೆ.

"ಹೂಂ. ಮ್ಯಾನೇಜರೂ ನಾನೇ, ಆಳೂ ನಾನೇ. ಇಬ್ರೂ ಬಂದೀವಿ. ನೀನು ಬಾಯಿ ಮುಚ್ಕೊಂಡ್ರೆ ಶುರು ಮಾಡಾಕೆ ಅನುಕೂಲ."

ತಿಂಗಳಿಗೆ ಮೂರೇ ಹೊಸ ತುಂಡು. ನಾಲ್ಕನೆಯದನ್ನು ಹಾಕುತ್ತಿರಲಿಲ್ಲ. ಪಂಚೆಯಲ್ಲಿ ಜಾಗ ಐತೆ, ಕೈಯಾಗೆ ಇಲ್ಲ ಎನ್ನುವಳು. ಹೊಸದೇನಾದರೂ ಕಲಿಯುವುದಿದ್ದರೆ ಕೆಂಪು ತುಂಡು. ನ್ಯಾಮತಿಯ ಯಾರದೋ ಮಗುವಿನ ನಾಮಕರಣಕ್ಕೆ ತೊಟ್ಟಿಲ ಕೌದಿ ಕೊಡುವುದಿದ್ದರೆ ಹಳದಿ. ವರ್ಷಕ್ಕೊಮ್ಮೆ ಒಂದು ಬಿಳಿ ತುಂಡು, ಬಿಳಿಚೋಡಿಗೆ ಹೋಗಿ ತಂಗಿಯ ಜೊತೆ ಎರಡು ದಿನ ಸುಮ್ಮನೆ ಕೂರುವುದಕ್ಕೆ. ಸುಮ್ಮನೆ ಕೂರುವುದಕ್ಕೂ ತುಂಡು ಬೇಕೇ ಎಂದರೆ, ಹೊಲಿದಿಟ್ಟುಕೊಳ್ಳದಿದ್ದರೆ ಅದು ಆಗುವುದೇ ಇಲ್ಲ ಎಂದಿದ್ದಳು.

ಒಂದು ಅಮಾವಾಸ್ಯೆಗೆ ಹಸಿರು ತುಂಡು ಬಂತು. ಅಲ್ಲಿಯವರೆಗೆ ಆಕೆಯ ಕೌದಿಗಳು ಗುರುತಿನವರ ಮನೆಗಳಿಗೆ ಹೋಗುತ್ತಿದ್ದವು. ಗುರುತಿಲ್ಲದ ಜನ ಬರಿಯ ಹೊಲಿಗೆ ನೋಡಿ ಕೊಳ್ಳಬೇಕು, ಅದಕ್ಕೆ ಬೇರೆ ಊರಿನ ಒಂದು ಅಂಗಡಿಯಲ್ಲಿ ತನ್ನ ಕೌದಿ ಇರಬೇಕು ಎಂಬುದು ಆಕೆಯ ಆಸೆ. ಬಸ್ಸು ಹತ್ತಿ ಚನ್ನಗಿರಿಗೆ ಹೋಗಿ, ಎಳೆಮಕ್ಕಳ ಬಟ್ಟೆ ಮಾರುವ ಒಂದು ಅಂಗಡಿಯಲ್ಲಿ ಒಂದು ಸಣ್ಣ ಕೌದಿಯನ್ನು ತೋರಿಸಲೆಂದು ಬಿಟ್ಟುಬಂದಳು. ಗಿರಾಕಿಗಳನ್ನು ಕೇಳಿ ಫೋನ್ ಮಾಡುತ್ತೇನೆಂದು ಮಾಲೀಕರು ಹೇಳಿದ್ದರು. ಅಕ್ಕನ ಬಳಿ ಫೋನ್ ಇರಲಿಲ್ಲ. ನನ್ನ ನಂಬರು ಕೊಟ್ಟಿದ್ದಳು.

ಫೋನ್ ಬಂತು. ದೀಪಾವಳಿ ಹತ್ತಿರವಿತ್ತು, ನನ್ನ ಅಂಗಡಿಯಲ್ಲಿ ಕತ್ತರಿಸಬೇಕಾದ ಬಟ್ಟೆ ಸೊಂಟದೆತ್ತರ ಬಿದ್ದಿತ್ತು. ಎಂಥ ಗಟ್ಟಿ ಹೊಲಿಗೆ ರೀ, ಮೂರು ಜನ ಕೇಳಿದ್ದಾರೆ, ಇಂಥ ಸಣ್ಣವು ತಿಂಗಳಿಗೆ ಹನ್ನೆರಡು ಕಳಿಸಾಕೆ ಆಗುತ್ತಾ ಕೇಳಿ ಹೇಳಿ ಎಂದರು ಚನ್ನಗಿರಿಯವರು. ನಾನು ಹೊರಗೆ ನೋಡಿದೆ. ಅಕ್ಕ ಜಗಲಿಯ ಮೇಲೆ ತಲೆ ಬಗ್ಗಿಸಿ ನನ್ನ ಶರ್ಟಿಗೆ ಗುಂಡಿ ಹಚ್ಚುತ್ತಿದ್ದಳು. ತಿಂಗಳಿಗೆ ಹನ್ನೆರಡು ಕೌದಿ ಹೊಲಿಯಲು ಕೂತರೆ ನನ್ನ ಕಾಜ ಯಾರು ಮಾಡುತ್ತಾರೆ? ಅಷ್ಟೇ ನನ್ನ ತಲೆಗೆ ಬಂದದ್ದು.

"ಆಯಮ್ಮ ಹೊಲಿಯೋದು ಬಿಟ್ಟಾಳ್ರೀ" ಅಂದೆ. ಅವರು ಪಾಪ, ಅಯ್ಯೋ ಎಂದು ಫೋನ್ ಇಟ್ಟರು.

ಅಮಾವಾಸ್ಯೆಗೆ ಅಕ್ಕ ಕೇಳಿದಳು, ಚನ್ನಗಿರಿಯೋರು ಫೋನ್ ಮಾಡಿದ್ರೇನಪ್ಪ ಎಂದು. ಇಲ್ಲಕ್ಕ ಎಂದೆ. ಒಂದು ಸಲ ಹೋಗಿ ಕೇಳಿಬರಲೇ ಎಂದು ಯೋಚಿಸಿದಳು. ಮತ್ತೆ ತಾನೇ, ಬ್ಯಾಡ ಅನ್ನೋದನ್ನ ಮುಖ ನೋಡಿ ಹೇಳಾಕೆ ಅವರಿಗೆ ಕಷ್ಟ ಆಗುತ್ತೆ, ಅವರನ್ನು ಯಾಕೆ ಕಷ್ಟಕ್ಕೆ ಹಾಕಲಿ ಎಂದಳು. ನಾನು, ಅದು ಸರಿ ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆದರೆ ಆಗದ ಕೆಲಸಕ್ಕೆ ಕಾರಣ ಹುಡುಕದೆ ಬಿಡುವವಳಲ್ಲ ಎಂಬುದನ್ನು ನಾನು ಮರೆತಿದ್ದೆ. ಹಸಿರು ತುಂಡಿನ ದಾರ ಎಳೆದಳು. ತನ್ನದೇ ಒಂದು ಕೌದಿಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ನನ್ನ ಟಾಕಿ ದೊಡ್ಡವು. ಎಳೇ ಮಕ್ಕಳ ಕಾಲ್ಬೆರಳು ಸಿಕ್ಕಂತಾವೆ. ಅದಕ್ಕೇ ಬ್ಯಾಡ ಅಂದಿರಬೇಕು."

ಹಸಿರನ್ನು ಮತ್ತೆ ಕಚ್ಚಾ ಹಾಕಿ, ಪಕ್ಕದಲ್ಲಿ ಒಂದು ಕೆಂಪು ತುಂಡು ಇಟ್ಟಳು. ಟಾಕಿ ಸಣ್ಣ ಮಾಡುವುದನ್ನು ಕಲಿಯಬೇಕು ಎಂದು. ನಾನು ಬಾಯಿ ಬಿಡಬೇಕಾಗಿದ್ದ ಗಳಿಗೆ ಅದು. ಬಿಡಲಿಲ್ಲ.

ಒಂದು ವರ್ಷ ಹೊಲಿದದ್ದನ್ನು ಬಿಚ್ಚಿ, ಬಿಚ್ಚಿದ್ದನ್ನು ಹೊಲಿದಳು. ಹದಿನೈದು ದಿನದ ದೊಡ್ಡ ಕೌದಿ ಎರಡು ತಿಂಗಳು ತೆಗೆದುಕೊಂಡಿತು. ಮನೆ ಬಾಗಿಲಿಗೆ ಬಂದ ಕೆಲಸವನ್ನು ಕೈ ಇನ್ನೂ ತಿದ್ದಬೇಕು ಎಂದು ವಾಪಸ್ ಕಳಿಸಿದಳು. ಟಾಕಿ ಸಣ್ಣವಾದವು, ಕೆಂಪು ತುಂಡು ಪಕ್ಕಾ ಆಯಿತು. ಫೋನ್ ಬರಲಿಲ್ಲ, ಇನ್ನೊಂದು ಕೌದಿ ಒಯ್ದು ತೋರಿಸುವಷ್ಟು ಕೈ ಆಗಿಲ್ಲ ಎಂದು ಆಕೆಯೂ ಹೋಗಲಿಲ್ಲ. ಬಣ್ಣ ಕೂಡಿಸುವುದೂ ಸರಿಯಿಲ್ಲ ಎಂದುಕೊಂಡಳು, ಇನ್ನೊಂದು ಕೆಂಪು. ಆಮೇಲೆ ಮೂಲೆ ಮಡಿಸುವುದು, ಮತ್ತೊಂದು ಕೆಂಪು. ಹಸಿರಿನ ಸುತ್ತ ಕೆಂಪು ತುಂಡುಗಳು ಒಂದೊಂದೇ ಪಕ್ಕಾ ಆದವು. ಹಸಿರು ಮಾತ್ರ ಪ್ರತಿ ಅಮಾವಾಸ್ಯೆಗೂ ಬಿಚ್ಚಿಸಿಕೊಂಡು ಮತ್ತೆ ಹಾಕಿಸಿಕೊಳ್ಳುತ್ತಿತ್ತು. ನೋಡಿದವರು ಇಂಥ ಕೈ ನೋಡಿಲ್ಲ ಎಂದರೆ, ಚನ್ನಗಿರಿಗೆ ಇನ್ನೂ ಹಿಡಿಸಿಲ್ಲ ಎಂದು ನಗುತ್ತಿದ್ದಳು. ಹೀಗೆ ಹನ್ನೊಂದು ವರ್ಷ. ಅಷ್ಟೂ ವರ್ಷ ನನ್ನ ಕಾಜಗಳು ತಪ್ಪದೆ ಆದವು.

ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಳು. ಅಮಾವಾಸ್ಯೆಯ ಮಧ್ಯಾಹ್ನ ನೋಡಲು ಹೋದೆ. ಆಕೆಯ ಸೊಸೆ ಪಂಚೆಯನ್ನು ತಂದು ಅಕ್ಕನ ಎದೆಯ ಮೇಲೆ ಹಾಸಿದ್ದಳು. ಅಕ್ಕ ನನ್ನನ್ನು ನೋಡಿ, ರೂಢಿಯಂತೆ, ಚನ್ನಗಿರಿಯೋರು ಏನಂದ್ರಪ್ಪ ಎಂದಳು. ನನಗೆ ಇಲ್ಲಕ್ಕ ಎನ್ನುವುದಕ್ಕೆ ಆಗಲಿಲ್ಲ. ಫೋನ್ ಬಂದದ್ದು, ಅವರು ಕೇಳಿದ್ದು, ನಾನು ಹೇಳಿದ್ದು, ಯಾಕೆ ಹೇಳಿದೆ ಎಂಬುದು, ಎಲ್ಲ ಹೇಳಿದೆ. ಸೊಸೆ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

ಬೈಯುತ್ತಾಳೆ ಎಂದು ಕಾದೆ. ಅಕ್ಕ ಪಂಚೆಯ ಮೇಲಿನ ಕೆಂಪು ತುಂಡುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಹೋದಳು.

"ಹಂಗಾದ್ರೆ ಅವತ್ತೇ ನನ್ನ ಹೊಲಿಗೆ ಚೆನ್ನಾಗಿತ್ತಾ?"

"ಚೆನ್ನಾಗಿತ್ತಕ್ಕ. ಗಟ್ಟಿ ಹೊಲಿಗೆ ಅಂದಿದ್ರು."

ಅಕ್ಕ ಹಸಿರು ತುಂಡಿನ ದಾರವನ್ನು ತಾನೇ ಎಳೆದಳು. ತುಂಡನ್ನು ನನ್ನ ಅಂಗೈಯಲ್ಲಿಟ್ಟಳು. "ಇದು ನನ್ನ ಕೆಲ್ಸ ಆಗಿರಲಿಲ್ಲ. ನಿಂದು, ಇಟ್ಕೋ" ಅಂದಳು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ. ಮುಂದಿನ ಅಮಾವಾಸ್ಯೆಗೆ ಅಕ್ಕ ಇರಲಿಲ್ಲ.

ಆಮೇಲೆ ಚನ್ನಗಿರಿಗೆ ಹೋಗಿದ್ದೆ. ಆ ಅಂಗಡಿಯಲ್ಲಿ ಈಗ ಬೇರೆ ಯಾರೋ ಮೊಬೈಲ್ ಮಾರುತ್ತಾರೆ. ಹಳೆಯ ಮಾಲೀಕರು ಎಲ್ಲಿದ್ದಾರೆಂದು ಅವರಿಗೂ ಗೊತ್ತಿಲ್ಲ.

ಸೊಸೆ ಈಗ ಪಕ್ಕದ ಮನೆಯ ಇಬ್ಬರನ್ನು ಕೂಡಿಸಿಕೊಂಡು ಕೌದಿ ಹೊಲಿಯುತ್ತಾಳೆ. ಅಮಾವಾಸ್ಯೆಗೆ ಅದೇ ಪಂಚೆ ಹಾಸಿ ಮೂವರೂ ಕೂರುತ್ತಾರೆ. ಒಂದು ಸಲ ನಾನು ಹೋಗಿ, ಕೆಲಸ ಆಗದಿದ್ದರೆ ನಿಮ್ಮ ಕೈಯಲ್ಲೇ ತಪ್ಪು ಹುಡುಕಬೇಡಿ, ನಡುವೆ ಯಾರಾದರೂ ತಡೆದರಾ ಎಂದು ಮೊದಲು ವಿಚಾರಿಸಿ ಎಂದು ಹೇಳಿದೆ. ಸೊಸೆ ಸೂಜಿಯಿಂದ ತಲೆ ಎತ್ತಲಿಲ್ಲ. "ಅದನ್ನ ನೀವೇ ಹೇಳಬೇಕು ಬಿಡ್ರಿ" ಅಂದಳು. ಅವರು ಎಲ್ಲ ಕಡೆಯೂ ಕೊಡುವುದು ತಮ್ಮದೇ ಫೋನ್ ನಂಬರು.

ಹಸಿರು ತುಂಡು ನನ್ನ ಮಿಷನ್ನಿನ ಡ್ರಾಯರಿನಲ್ಲಿದೆ. ಬೆಳಕಿಗೆ ಹಿಡಿದರೆ ಅಂಚಿನ ಸುತ್ತ ಹನ್ನೊಂದು ವರ್ಷದ ಸೂಜಿ ತೂತುಗಳು, ಜರಡಿಯ ಹಾಗೆ. ಇಷ್ಟು ಚುಚ್ಚಿಸಿಕೊಂಡ ಬಟ್ಟೆ ಪಕ್ಕಾ ಹೊಲಿಗೆಯನ್ನು ತಾಳುವುದಿಲ್ಲ. ಈ ಕಸುಬಿನಲ್ಲಿ ಮುದುಕನಾದವನಿಗೆ ಅದು ಗೊತ್ತು. ಆದರೂ ಅಮಾವಾಸ್ಯೆ ಬಂದರೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾಕೆ ಆಗಲಿಲ್ಲ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಪ್ರತಿ ಸಲವೂ ಒಂದೇ. ಹಳೇ ತೂತುಗಳಲ್ಲೇ ಸೂಜಿ ತೂರಿಸಿ, ನನ್ನದೊಂದು ಪಂಚೆಗೆ ಕಚ್ಚಾ ಹಾಕಿ ಇಡುತ್ತೇನೆ.