ತಡವಾಗಿ ಬಂದ ಅಳು

ಗಂಡ ತೀರಿಕೊಂಡಾಗ ದರ್ಜಿಯಮ್ಮನಿಗೆ ಶುರುವಾದ ನಿದ್ದೆಮಾತ್ರೆ ವರ್ಷಗಟ್ಟಲೆ ನಡೆದುಬಂದಿತ್ತು. ಈಗ ಹೊಸ ಡಾಕ್ಟರು ಅದನ್ನು ಚೂರುಚೂರೇ ಕಡಿಮೆ ಮಾಡಿಸುತ್ತಿದ್ದರು. ಕೈ ನಡುಗುತ್ತಿದ್ದುದರಿಂದ ಸೂಜಿಗೆ ದಾರವನ್ನು ಸೊಸೆಯೇ ಪೋಣಿಸಿಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಅಂಗಿಯ ಸವೆದ ಕಾಲರನ್ನು ತಿರುವಿ ಹೊಲಿಯುತ್ತಿದ್ದವಳು ಬಿಕ್ಕತೊಡಗಿದಳು. ಗಂಡನ ಅಂಗಿಗಳಿಗೂ ಅವಳು ಹೀಗೇ ಮಾಡುತ್ತಿದ್ದಳು.

"ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಅತ್ತೆ? ನನ್ನ ಕೈಲಿ ನೋಡೋಕಾಗಲ್ಲ. ಇವತ್ತೊಂದಿನ ಇಡೀ ಮಾತ್ರೆ ತಗೊಂಡ್ಬಿಡಿ," ಎಂದು ಸೊಸೆ ಡಬ್ಬಿ ತಂದಳು.

"ಬೇಡ ಕಣೆ. ಅವರು ಹೋದಾಗ ಮನೆ ತುಂಬ ಜನ ಅಳ್ತಿದ್ರೆ ನಾನು ಮಾತ್ರೆ ನುಂಗಿ ಗೊರಕೆ ಹೊಡೀತಿದ್ದೆ. ಅವರಿಗೋಸ್ಕರ ಒಂದು ಹನಿ ಕಣ್ಣೀರೂ ಹಾಕ್ಲಿಲ್ಲ. ಈಗ್ಲಾದ್ರೂ ಅಳ್ತೀನಿ ಬಿಡು."

ಸೊಸೆ ಡಬ್ಬಿಯ ಮುಚ್ಚಳ ಹಾಕಿದಳು. ಗಿರಾಕಿಯ ಅಂಗಿ ಒದ್ದೆಯಾಗದಂತೆ ಎತ್ತಿಟ್ಟು, ಪಕ್ಕದಲ್ಲಿ ಕೂತಳು.