ಒಂಬೈನೂರ ತೊಂಬತ್ತೊಂಬತ್ತು ಆಟಗಳ ಪರಿಶೀಲನೆ

ನಾನು ಸರ್ಕಾರಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಚಾಮರಾಜನಗರವೂ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಇಂದಾಗುತ್ತದೆ, ನಾಳೆಯಾಗುತ್ತದೆ ಎಂದು ಎಲ್ಲರೂ ಹೇಳಿಕೊಂಡು ಓಡಾಡುತ್ತಿದ್ದರು. ನಮ್ಮ ಕಚೇರಿಯ ಹಿಂದೆ ಹೆಂಚಿನ ಒಂದು ಕೋಣೆಯಿತ್ತು. ಅದನ್ನು ಕ್ಲಬ್ಬು ಎನ್ನುತ್ತಿದ್ದೆವು. ಅದರಲ್ಲಿ ಒಂದು ಕೇರಂ ಬೋರ್ಡು, ಎರಡು ಪತ್ರಿಕೆ, ಒಂದು ಟಿವಿ ಇದ್ದವು. ಟಿವಿಯನ್ನು ಕ್ರಿಕೆಟ್ ಇದ್ದ ದಿನ ಹಾಕುತ್ತಿದ್ದರು. ಕ್ರಿಕೆಟ್ ಇಲ್ಲದ ದಿನ ಅದರ ಮೇಲೆ ಟವೆಲ್ ಹೊದಿಸುತ್ತಿದ್ದರು.

ಆ ವರ್ಷ ಕ್ಲಬ್ಬಿನ ಚಂದಾದಲ್ಲಿ ಸ್ವಲ್ಪ ಹಣ ಉಳಿದಿತ್ತು. ಅದನ್ನು ಆಟದ ಸಾಮಾನಿಗೇ ಖರ್ಚು ಮಾಡಬೇಕೆಂಬ ನಿಯಮವಿತ್ತು. ಗುಂಡ್ಲುಪೇಟೆ ಕಡೆಯ ನಮ್ಮ ಅಟೆಂಡರ್ ಒಬ್ಬ, ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಬಂದಿದೆ, ಅದರ ಒಂದೇ ಕ್ಯಾಸೆಟ್ಟಿನಲ್ಲಿ ಒಂಬೈನೂರ ತೊಂಬತ್ತೊಂಬತ್ತು ಆಟ ಇವೆ ಎಂದು ಸುದ್ದಿ ತಂದ. ಕ್ಲಬ್ಬಿನ ಅಧ್ಯಕ್ಷರು, ಇಷ್ಟು ಆಟವನ್ನು ಯಾರೂ ನೋಡದೆ ಕೊಳ್ಳಲು ಆಗುವುದಿಲ್ಲ ಎಂದು ಮೂರು ಜನರ ಸಮಿತಿ ಮಾಡಿದರು.

ಮೊದಲನೆಯವರು ನಮ್ಮ ಶಿರಸ್ತೇದಾರರು. ಎಣಿಸದೆ ಯಾವ ವಸ್ತುವನ್ನೂ ಅವರು ಒಳಗೆ ಬಿಟ್ಟುಕೊಂಡವರಲ್ಲ. ಗುಂಡುಪಿನ್ನಿನ ಡಬ್ಬಿ ಬಂದರೆ ಪತ್ರಿಕೆ ಹಾಸಿ, ಅದರ ಮೇಲೆ ಸುರಿದು ಎಣಿಸುತ್ತಿದ್ದರು. ಎರಡನೆಯವರು ಟೈಪಿಸ್ಟ್ ಮೇಡಂ. ವಯಸ್ಸು ನಲವತ್ತರ ಹತ್ತಿರ, ಒಬ್ಬರೇ ಇದ್ದರು, ಕಚೇರಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಹನ್ನೊಂದು ವರ್ಷದಿಂದ ತಪ್ಪದೆ ಕ್ಲಬ್ಬಿನ ಚಂದಾ ಕೊಟ್ಟಿದ್ದರು, ಒಮ್ಮೆಯೂ ಕ್ಲಬ್ಬಿನೊಳಗೆ ಕಾಲಿಟ್ಟಿರಲಿಲ್ಲ. ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ಸಮಿತಿಯಲ್ಲಿ ಒಬ್ಬ ಮಹಿಳಾ ಸದಸ್ಯರಿರಲಿ ಎಂದು ಅವರ ಹೆಸರು ಸೇರಿಸಿದರು. ಮೂರನೆಯವನು ನಾನು. ಚಿಕ್ಕ ವಯಸ್ಸಿನವನು, ಇಂಥದ್ದೆಲ್ಲ ಗೊತ್ತಿರುತ್ತದೆ ಎಂದರು. ನಾನು ಗುಂಡ್ಲುಪೇಟೆಯ ಆಚೆಯ ಹಂಗಳವೆಂಬ ಹಳ್ಳಿಯವನು. ವಿಡಿಯೋ ಗೇಮನ್ನು ಮುಟ್ಟುವುದಿರಲಿ, ನೋಡಿಯೂ ಇರಲಿಲ್ಲ. ಆದರೆ ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲವಾದ್ದರಿಂದ ಗೊತ್ತಿದೆ ಎಂದೆ.

ಎರಡನೇ ಶನಿವಾರ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ಶಿರಸ್ತೇದಾರರು ಉದ್ದದ ರೂಲ್ ಪುಸ್ತಕ ತಂದಿದ್ದರು. ಮೇಡಂ ಒಂದು ಚೀಲದಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡಿದ್ದರು. ತೆರಕಣಾಂಬಿಯವರೆಗೆ ಯಾರೂ ಮಾತಾಡಲಿಲ್ಲ. ಅಲ್ಲಿ ಟೊಮೇಟೊ ಕುಕ್ಕೆಗಳು ಹತ್ತಿದವು. ಆಮೇಲೂ ಯಾರೂ ಮಾತಾಡಲಿಲ್ಲ.

ಅಂಗಡಿ ಚಿಕ್ಕದು. ವಾಚು, ಟಾರ್ಚು, ಟೇಪ್ ರೆಕಾರ್ಡರ್, ಕೊಡೆ ಎಲ್ಲವೂ ಇದ್ದವು. ಬಹುಪಾಲು ಗಡಿಯಾಚೆ ಕೇರಳದಿಂದ ಬಂದ ಮಾಲು. ಅಂಗಡಿಯ ಸಾಹೇಬರು ಗಡ್ಡ ನೆರೆಯುತ್ತಿದ್ದ, ನಗುಮುಖದ ಮನುಷ್ಯ. ನಾವು ಬಂದ ಕಾರಣ ಕೇಳಿ, ಒಂದು ಕ್ಯಾಸೆಟ್ಟಿಗೆ ಮೂರು ಜನ ಸರ್ಕಾರಿ ನೌಕರರೇ ಎಂದು ಒಂದು ಕ್ಷಣ ಗಾಬರಿಯಾದರು. ಆಮೇಲೆ ಸುಧಾರಿಸಿಕೊಂಡು, "ಬನ್ನಿ ಸಾರ್, ಟಿವಿ ಮನೇಲದೆ. ಹಿಂದುಗಡೇನೇ ಮನೆ. ಆರಾಮಾಗಿ ಕೂತ್ಕಂಡು ನೋಡಿ" ಎಂದು ಕರೆದುಕೊಂಡು ಹೋದರು.

ನಡುಮನೆಯಲ್ಲಿ ಒಂದು ಮಂಚ, ಮಂಚದ ಮೇಲೆ ಅವರ ತಾಯಿ. ಆಕೆ ತಸ್ಬಿಯ ಮಣಿ ಎಣಿಸುತ್ತ ಕೂತಿದ್ದರು. ಮಗನಿಗೆ ಉರ್ದುವಿನಲ್ಲಿ ಏನೋ ಕೇಳಿದರು, ಮಗ ಉರ್ದುವಿನಲ್ಲೇ ಏನೋ ಹೇಳಿದರು. ಆಕೆ ನಮ್ಮ ಮೂವರನ್ನೂ ನೋಡಿ, ಸೆರಗನ್ನು ಸರಿಮಾಡಿಕೊಂಡು, ಟಿವಿ ಕಾಣುವ ಹಾಗೆ ಸ್ವಲ್ಪ ಈಚೆಗೆ ಸರಿದು ಕೂತರು.

ಸಾಹೇಬರು ಹಳದಿ ಬಣ್ಣದ ಕ್ಯಾಸೆಟ್ಟನ್ನು ಟಿವಿಗೆ ಸಿಕ್ಕಿಸಿದ್ದ ಗೇಮಿನ ಪೆಟ್ಟಿಗೆಯೊಳಗೆ ಒತ್ತಿದರು. ಸಂಗೀತ ಬಂತು. ಪರದೆಯ ಮೇಲೆ ಆಟಗಳ ಪಟ್ಟಿ ಬಂತು. ಒಂದು ಪುಟದಲ್ಲಿ ಹತ್ತು ಹೆಸರು, ಹಾಗೆ ನೂರು ಪುಟ. ಸಾಹೇಬರು ಆಟ ಆಡುವ ರಿಮೋಟನ್ನು ನನ್ನ ಕೈಗೆ ಕೊಟ್ಟು, ನಮ್ಮನ್ನು ಅಲ್ಲೇ ಬಿಟ್ಟು ಅಂಗಡಿ ನೋಡಿಕೊಳ್ಳಲು ಹೋದರು.

"ಒಂದರಿಂದ ಶುರು ಮಾಡ್ಲಾ. ಒಂದೊಂದ್ನೂ ಆಡು. ಏನಂತ ಹೇಳು, ನಾನು ಬರ್ಕತೀನಿ" ಎಂದರು ಶಿರಸ್ತೇದಾರರು.

"ನೀವು ಆಡಲ್ವಾ ಸಾರ್?"

"ನಾನು ಪರಿಶೀಲನೆ ಮಾಡೋನು ಕಣಯ್ಯ. ಆಡೋನಲ್ಲ."

ಒಂದನೇ ಆಟ ಟ್ಯಾಂಕಿನದು. ಶುರುವಾದ ಕೂಡಲೇ ನನ್ನ ಟ್ಯಾಂಕು ಒಡೆಯಿತು. ಎರಡನೆಯದು ಮೋಟಾರು ಬೈಕಿನದು. ನಾನು ಹೊರಡುವ ಮೊದಲೇ ಬಿದ್ದೆ. ಮೂರನೆಯದು ವಿಮಾನ. ಅದು ಹಾರಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಶಿರಸ್ತೇದಾರರು ಪೆನ್ನು ಹಿಡಿದು ಕಾದರು.

"ಏನಾಯ್ತು?"

"ಸತ್ತೆ ಸಾರ್."

"ಅದೇ ಆಟದ ವಿವರವಾ?"

ಆಗ ಮೇಡಂ ಚೀಲವನ್ನು ಕೆಳಗಿಟ್ಟು, "ಇತ್ತ ಕೊಡಪ್ಪ" ಎಂದು ನನ್ನ ಕೈಯಿಂದ ರಿಮೋಟು ತೆಗೆದುಕೊಂಡರು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಗುಂಡಿ ಎಲ್ಲಿದೆ ಎಂದು ಒಮ್ಮೆ ಬೆರಳಿನಲ್ಲಿ ಸವರಿ ನೋಡಿದರು. ಆಮೇಲೆ ಅದರ ಕಡೆ ಕಣ್ಣು ಹಾಯಿಸಲೇ ಇಲ್ಲ. ಹನ್ನೊಂದು ವರ್ಷ ಕೀಲಿಗಳನ್ನು ನೋಡದೆ ಟೈಪು ಮಾಡಿದ ಕೈ. ಟ್ಯಾಂಕಿನ ಆಟದಲ್ಲಿ ಮೂರು ಮಜಲು ದಾಟಿದರು. ಬೈಕು ಕೊನೆಯವರೆಗೆ ಹೋಯಿತು. ನಾಲ್ಕನೆಯದು ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಂದು ಬಿಡದ ಹಾಗೆ ಜೋಡಿಸುವ ಆಟ. ಅದರಲ್ಲಿ ಅವರು ಎಷ್ಟು ಹೊತ್ತು ಸಾಯಲಿಲ್ಲವೆಂದರೆ ಶಿರಸ್ತೇದಾರರು ಗಡಿಯಾರ ನೋಡಿಕೊಂಡು, "ಗೊತ್ತಾಯ್ತಮ್ಮ, ಮುಂದಿಂದಕ್ಕೆ ಹೋಗನ" ಎನ್ನಬೇಕಾಯಿತು.

"ಒಂದು ನಿಮಿಷ ಸಾರ್" ಎಂದರು ಮೇಡಂ. ಅವರು ಶಿರಸ್ತೇದಾರರಿಗೆ ಹಾಗೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಐದು, ಮಂಜಿನ ಮೇಲೆ ಜಾರುವುದು. ಆರು, ಏಣಿ ಹತ್ತುವುದು. ಏಳು, ಕುಸ್ತಿ. ಎಂಟು, ಬಾತುಕೋಳಿ ಹೊಡೆಯುವುದು. ಅದಕ್ಕೆ ಕೋವಿ ಬೇಕು, ಕೋವಿಯನ್ನು ಬೇರೆ ಕೊಳ್ಳಬೇಕು. ಶಿರಸ್ತೇದಾರರು ಇದನ್ನು ಬರೆದು ಕೆಳಗೆ ಗೆರೆ ಎಳೆದರು.

ಒಂಬತ್ತನೆಯದು ಟ್ಯಾಂಕು.

ಹೆಸರು ಬೇರೆ ಇತ್ತು, ನೆಲದ ಬಣ್ಣ ಬೇರೆ ಇತ್ತು. ಟ್ಯಾಂಕು ಅದೇ. ಹತ್ತನೆಯದು ಬೈಕು, ರಾತ್ರಿ ಹೊತ್ತಿನದು. ಹನ್ನೊಂದು ಮತ್ತೆ ಟ್ಯಾಂಕು, ಆದರೆ ಮೂರನೇ ಮಜಲಿನಿಂದ ಶುರು. ಶಿರಸ್ತೇದಾರರ ಮುಖ ನಿಧಾನವಾಗಿ ಬಿಗಿಯಿತು. "ಒಂದೇ ಜಮೀನಿಗೆ ಹತ್ತು ಸರ್ವೆ ನಂಬರ್ ಹಾಕವ್ರೆ" ಎಂದರು.

ಅರವತ್ತಮೂರನೇ ಆಟದಲ್ಲಿದ್ದಾಗ ಕರೆಂಟು ಹೋಯಿತು. ಮೇಡಂ ಆಗಷ್ಟೇ ಉದ್ದದ ಒಂದು ಇಟ್ಟಿಗೆಯನ್ನು ಇಳಿಸುತ್ತಿದ್ದರು. ಪರದೆ ಕಪ್ಪಾದ ಮೇಲೂ ಬೆರಳು ಸ್ವಲ್ಪ ಹೊತ್ತು ಒತ್ತುತ್ತಲೇ ಇತ್ತು.

"ಎಷ್ಟೊತ್ತಿಗೆ ಬತ್ತದೆ?" ಎಂದು ಅವರು ಮಂಚದ ಕಡೆ ತಿರುಗಿ ಕೇಳಿದರು.

"ಎಲ್ಡು ಗಂಟೆಗೆ" ಎಂದರು ಸಾಹೇಬರ ತಾಯಿ. ಅಷ್ಟು ಹೊತ್ತೂ ಆಕೆಗೆ ಕನ್ನಡ ಬರುವುದಿಲ್ಲವೆಂದು ನಾವು ತಿಳಿದಿದ್ದೆವು. ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. "ಎಂಟೇ ಇರೋದು ಕಣಮ್ಮ. ಎಲ್ಲಾ ನೋಡಿವ್ನಿ. ಒಂಬೈನೂರೂ ಇಲ್ಲ, ಏನೂ ಇಲ್ಲ. ಸುಮ್ನೆ ಕೈ ನೋಯಿಸ್ಕಬ್ಯಾಡ."

"ನೀವು ಆಡ್ತೀರಾ?" ಎಂದರು ಮೇಡಂ.

"ಇಟ್ಟಿಗೇದು ಮಾತ್ರ" ಎಂದರು ಆಕೆ.

ಅಷ್ಟರಲ್ಲಿ ಸಾಹೇಬರು ಚಹಾ ತಂದರು. ಮೇಡಂ ಚಿತ್ರಾನ್ನದ ಡಬ್ಬಿ ಬಿಚ್ಚಿ, ಸಾಹೇಬರ ತಾಯಿಯನ್ನೂ ಸೇರಿಸಿ ಎಲ್ಲರಿಗೂ ಹಂಚಿದರು. ಶಿರಸ್ತೇದಾರರು ಚಹಾ ಕುಡಿದು ಮುಗಿಸಿದ ಮೇಲೆ ವಿಚಾರಣೆ ತೆಗೆದರು.

"ಸಾಹೇಬ್ರೇ, ಮೇಲೆ ಒಂಬೈನೂರ ತೊಂಬತ್ತೊಂಬತ್ತು ಅಂತ ಬರ್ದದೆ."

"ಹೌದು ಸಾರ್."

"ಒಳಗೆ ಎಂಟದೆ."

ಸಾಹೇಬರು ಯೋಚಿಸಿದರು. "ಹೆಸ್ರು ಎಣಿಸಿ ಸಾರ್. ಹೆಸ್ರಲ್ಲಿ ಒಂದು ಕಮ್ಮಿ ಇದ್ರೆ ನಾನು ಜವಾಬ್ದಾರ."

ಕರೆಂಟು ಬಂದ ಮೇಲೆ ಶಿರಸ್ತೇದಾರರು ವಿಧಾನ ಬದಲಾಯಿಸಿದರು. ಸಾಲಾಗಿ ನೋಡುವುದು ಬೇಡ, ತಾವು ಕಣ್ಣು ಮುಚ್ಚಿ ಹೇಳಿದ ನಂಬರನ್ನು ತೆಗೆಯಬೇಕು ಎಂದರು. ನಾನೂರ ಹನ್ನೆರಡು: ಏಣಿ. ಏಳುನೂರ ಒಂದು: ಕುಸ್ತಿ, ಒಬ್ಬನ ಚಡ್ಡಿ ಹಸಿರು. ಎಂಟುನೂರ ಐವತ್ತು: ಕೋವಿ ಬೇಕು. ಕಟ್ಟಕಡೆಯದಾದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಏನಾದರೂ ಇರಬಹುದೆಂದು ಮೂವರೂ ಪರದೆಯ ಹತ್ತಿರ ಬಾಗಿದೆವು. ಟ್ಯಾಂಕು.

"ಆಯ್ತು" ಎಂದು ಶಿರಸ್ತೇದಾರರು ಪುಸ್ತಕ ಮುಚ್ಚಿದರು. "ಬಣ್ಣ ಬದಲಾದ್ರೆ ಬೇರೆ ಆಟ ಆಗಲ್ಲ. ಇದು ಮೋಸ."

"ಬಣ್ಣ ಬದಲಾದ್ರೆ ಆಗಲ್ಲ, ನಿಜ" ಎಂದರು ಮೇಡಂ. "ವೇಗ ಬದಲಾದ್ರೆ ಆಯ್ತದೆ ಸಾರ್. ಟೈಪಿಂಗಲ್ಲಿ ಜೂನಿಯರ್ ಪರೀಕ್ಷೆ ಬೇರೆ, ಸೀನಿಯರ್ ಬೇರೆ. ಕೀಲಿ ಅವೇ. ಜೂನಿಯರ್ ಪಾಸಾದೋರಿಗೆಲ್ಲ ಸೀನಿಯರ್ ಸರ್ಟಿಫಿಕೇಟ್ ಕೊಡ್ತಾರಾ?"

"ಹಂಗಾದ್ರೂ ಒಂಬೈನೂರ ತೊಂಬತ್ತೊಂಬತ್ತು ಆಗಲ್ವಲ್ಲಮ್ಮ."

"ಆಗಲ್ಲ. ಕೇರಂ ಬೋರ್ಡಲ್ಲಿ ಎಷ್ಟು ಆಟ ಅವೆ ಸಾರ್?"

ಮಂಚದ ಮೇಲಿಂದ ಸಣ್ಣ ಕೆಮ್ಮು ಕೇಳಿಸಿತು. ಶಿರಸ್ತೇದಾರರು ಚಪ್ಪಲಿ ಹುಡುಕತೊಡಗಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಅವರ ಎರಡೂ ಹೆಬ್ಬೆರಳು ಚೀಲದ ಮೇಲೆ ಸಣ್ಣಗೆ ಅಲುಗಾಡುತ್ತಿದ್ದವು. ನನಗೆ ಅವರ ಜೊತೆ ಮಾತಾಡಬೇಕೆನ್ನಿಸಿತು. "ಚಿತ್ರಾನ್ನ ಚೆನ್ನಾಗಿತ್ತು ಮೇಡಂ" ಎಂದೆ. "ಉಪ್ಪು ಕಮ್ಮಿ ಆಗಿತ್ತು" ಎಂದರು.

ಸೋಮವಾರ ಶಿರಸ್ತೇದಾರರು ವರದಿಯನ್ನು ಹೇಳಿ ಬರೆಸಿದರು. ಅದನ್ನು ಟೈಪು ಮಾಡಬೇಕಾದವರು ಮೇಡಂ ಅವರೇ. ಎರಡು ಪುಟ. 'ಸಂಖ್ಯೆಯ ದೃಷ್ಟಿಯಿಂದಲೂ ಗುಣಮಟ್ಟದ ದೃಷ್ಟಿಯಿಂದಲೂ ಖರೀದಿಗೆ ಯೋಗ್ಯವಲ್ಲ' ಎಂದು ಮುಗಿಯುತ್ತಿತ್ತು. ಅವರು ಅದನ್ನು ಒಂದು ಅಕ್ಷರವೂ ತಪ್ಪದೆ ಟೈಪು ಮಾಡಿದರು. ಆಮೇಲೆ ಯಂತ್ರಕ್ಕೆ ಹೊಸ ಹಾಳೆ ಸಿಕ್ಕಿಸಿ, ಯಾರೂ ಹೇಳಿ ಬರೆಸದ ನಾಲ್ಕು ಸಾಲು ಹೊಡೆದರು. ಅದು ನನಗೆ ಈಗಲೂ ಬಾಯಿಗೆ ಬರುತ್ತದೆ. 'ಆಟಗಳು ಎಂಟು. ಐದು ಚೆನ್ನಾಗಿಲ್ಲ. ಎರಡು ಪರವಾಗಿಲ್ಲ. ಇಟ್ಟಿಗೆಯದು ಚೆನ್ನಾಗಿದೆ, ಅದೊಂದಕ್ಕಾಗಿ ಕೊಳ್ಳಬಹುದು.' ಕೆಳಗೆ ಅವರ ಸಹಿ.

ಎರಡೂ ಹಾಳೆ ನನ್ನ ಮೇಜಿಗೆ ಬಂದವು. ಯಾವುದಕ್ಕೆ ಸಹಿ ಹಾಕುತ್ತೇನೋ ಆ ಕಡೆಗೆ ಇಬ್ಬರು. ಶಿರಸ್ತೇದಾರರು ಎದುರಿನ ಕುರ್ಚಿಯಲ್ಲಿ ಕೂತು ಗುಂಡುಪಿನ್ನು ಎಣಿಸುತ್ತಿದ್ದರು. ನಾನು ಕಾಯಂ ಆಗಲು ಅವರ ಶಿಫಾರಸು ಬೇಕಿತ್ತು. ಮೇಡಂ ಹೇಳಿದ್ದೇ ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಪುಟದ ವರದಿಗೆ ಸಹಿ ಹಾಕಿದೆ. ಮೇಡಂ ಬಂದು ಹಾಳೆಗಳನ್ನು ತೆಗೆದುಕೊಂಡರು, ಸಹಿ ಎಲ್ಲಿದೆ ಎಂದು ನೋಡಿದರು, ಕ್ಲಿಪ್ಪು ಹಾಕಿದರು, ಹೋದರು. ಅವರು ಏನಾದರೂ ಅಂದಿದ್ದರೆ ವಾಸಿಯಿತ್ತು.

ಕ್ಲಬ್ಬಿಗೆ ಇನ್ನೊಂದು ಕೇರಂ ಬೋರ್ಡು ಕೊಂಡರು.

ಮುಂದೆ ಜಿಲ್ಲೆಯಾಯಿತು. ಹೊಸ ಕಚೇರಿ, ಹೊಸ ಹುದ್ದೆಗಳು ಬಂದವು. ಸುತ್ತಲಿನ ತಾಲ್ಲೂಕಿನವರೆಲ್ಲ ಚಾಮರಾಜನಗರಕ್ಕೆ ಬರಲು ಯಾರ್‍ಯಾರನ್ನೋ ಹಿಡಿಯುತ್ತಿದ್ದಾಗ, ಚಾಮರಾಜನಗರದಲ್ಲೇ ಇದ್ದ ಮೇಡಂ ಗುಂಡ್ಲುಪೇಟೆಗೆ ವರ್ಗ ಕೇಳಿದರು. ಅರ್ಜಿಯಲ್ಲಿ ಕಾರಣ ಎಂಬಲ್ಲಿ 'ಸ್ವಂತ' ಎಂದು ಟೈಪು ಮಾಡಿದ್ದರು. ಆ ಕಡೆಯಿಂದ ಬರುವವರು ಇಪ್ಪತ್ತು ಜನ, ಹೋಗುವವರು ಇವರೊಬ್ಬರೇ. ಒಂದೇ ವಾರದಲ್ಲಿ ಆದೇಶ ಬಂತು. ಗುಂಡ್ಲುಪೇಟೆಯಲ್ಲಿ ಇವರಿಗೆ ಯಾರಿದ್ದಾರೆ ಎಂದು ಕಚೇರಿಯಲ್ಲಿ ಕೆಲವು ದಿನ ಚರ್ಚೆ ನಡೆಯಿತು. ನನಗೆ ಒಂದು ಊಹೆಯಿತ್ತು, ಖಚಿತವಾಗಿ ಗೊತ್ತಿರಲಿಲ್ಲ.

ನಾಲ್ಕೈದು ತಿಂಗಳಾದ ಮೇಲೆ ಊರಿಗೆ ಹೊರಟವನು ಗುಂಡ್ಲುಪೇಟೆಯಲ್ಲಿ ಇಳಿದೆ. ಹಂಗಳದ ಬಸ್ಸಿಗೆ ಇನ್ನೂ ಹೊತ್ತಿತ್ತು. ಟಾರ್ಚಿಗೆ ಸೆಲ್ಲು ಬೇಕೆಂದು ಸಾಹೇಬರ ಅಂಗಡಿಗೆ ಹೋದೆ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಟಾರ್ಚು ಇರಲಿಲ್ಲ. ಸಾಹೇಬರು ನನ್ನನ್ನು ಗುರುತು ಹಿಡಿದರು.

"ಆ ಕ್ಯಾಸೆಟ್ಟು ಹೋಯ್ತಾ?" ಎಂದು ಕೇಳಿದೆ.

"ಎಲ್ಲಿ ಸಾರ್, ನಮ್ಮಮ್ಮ ಮಾರಕ್ಕೆ ಬುಡ್ನಿಲ್ಲ. ಒಳಗೆ ನಿಮ್ಮ ಮೇಡಮ್ಮೂ ಅವ್ರೆ, ಓಗಿ."

ನಡುಮನೆಯಲ್ಲಿ ಇಬ್ಬರೂ ಮಂಚದ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ರಿಮೋಟು. ಮೇಡಂ ಒಬ್ಬರೇ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದರು, ಪಕ್ಕದ ಬೀದಿಯಲ್ಲೇ. ಕಚೇರಿ ಬಿಟ್ಟ ಮೇಲೆ ಬಂದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಹೋಗುತ್ತಿದ್ದರಂತೆ. ಸಾಹೇಬರ ತಾಯಿ ಆಡುತ್ತಲೇ ಉರ್ದುವಿನಲ್ಲಿ ಬೈದುಕೊಳ್ಳುತ್ತಿದ್ದರು. ಅದು ಮೇಡಂಗೆ ಅರ್ಥವಾಗುತ್ತಿರುವ ಹಾಗೆ ಕಂಡಿತು. ಅವರು ನಗುತ್ತಿದ್ದರು. ಅವರ ಹಲ್ಲಿನ ಸಾಲನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾನು ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ. "ಮೇಡಂ, ಅವತ್ತು ನಾನು ನಿಮ್ಮ ಹಾಳೆಗೆ ಸಹಿ ಹಾಕಬೇಕಿತ್ತು. ನನ್ನದು ತಪ್ಪಾಯ್ತು."

ಮೇಡಂ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಸಹಿ ಹಾಕಿದ್ರೆ ಇದು ಆ ಕ್ಲಬ್ಬಿಗೆ ಹೋಗೋದು ಕಣಪ್ಪ" ಎಂದರು. "ನಾನು ಅಲ್ಲಿಗೆ ಹೋಗಿ ಆಡಕ್ಕಾಗೋದಾ?"

ಇದನ್ನು ನಾನು ಯೋಚಿಸಿರಲಿಲ್ಲ. ಅಷ್ಟರಲ್ಲಿ ಸಾಹೇಬರ ತಾಯಿ ನನ್ನ ಕಡೆ ಕೈ ಬೀಸಿ, "ಟಿವಿಗೆ ಅಡ್ಡ ನಿಂತವ್ನೆ, ಕೂತ್ಕಳಪ್ಪ" ಎಂದು ಮಂಚದ ತುದಿಯಲ್ಲಿ ಜಾಗ ಮಾಡಿದರು. ನಾನು ಕೂತೆ. ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಆಡುವುದನ್ನು ನೋಡಿದೆ. ಆ ಹಿರಿಯಾಕೆ ಎರಡು ಸಲ ಗೆದ್ದರು, ಮೇಡಂ ಒಂದು ಸಲ.